ಬಿಲ್ಡ್ ಆದದ್ದೆಲ್ಲ ಇಮೇಜಿಗೆ ಹೋಗಬೇಕಾಗಿಲ್ಲ

ಸಾಧನಕ್ಕೆ ತಕ್ಕ ಲಿನಕ್ಸ್ ವ್ಯವಸ್ಥೆಯನ್ನು ಆಕರದಿಂದ ಕಟ್ಟಿಕೊಡುವ ಯೋಕ್ಟೊ ಬಳಸಿ ಎಂಬೆಡೆಡ್ ಲಿನಕ್ಸ್ ಸಾಧನಗಳನ್ನು ರೂಪಿಸುವ ತಂಡದಲ್ಲಿ, ಒಂದು ಘಟಕವನ್ನು ಹೇಗೆ ಬಿಲ್ಡ್ ಮಾಡಬೇಕೆಂದು ಹೇಳುವ ಕಡತಕ್ಕೆ ರೆಸಿಪಿ ಎಂದೂ, ಅದನ್ನು ಓದಿ ಕೆಲಸ ಮಾಡುವ ಸಾಧನಕ್ಕೆ ಬಿಟ್‌ಬೇಕ್ ಎಂದೂ, ಕೊನೆಗೆ ಬೋರ್ಡಿಗೆ ಹೋಗುವ ಕಡತ ವ್ಯವಸ್ಥೆಗೆ ಇಮೇಜ್ ಎಂದೂ ಹೆಸರು. ಅಂಥ ತಂಡಕ್ಕೆ ಹೊಸದಾಗಿ ಸೇರಿದವರು ಬಹುಬೇಗ ಕೇಳುವ ಪ್ರಶ್ನೆಯೊಂದಿದೆ: ‘ಬಿಟ್‌ಬೇಕ್ ನನ್ನ ರೆಸಿಪಿಯನ್ನು ಒಂದು ದೋಷವನ್ನೂ ತೋರಿಸದೆ ಬಿಲ್ಡ್ ಮಾಡಿತು, ಆದರೆ ಬೋರ್ಡನ್ನು ಬೂಟ್ ಮಾಡಿ ನೋಡಿದರೆ ನನ್ನ ಪ್ರೋಗ್ರಾಮೇ ಅಲ್ಲಿಲ್ಲ, ಏಕೆ?’ ಕೆಲವು ತಿಂಗಳು ಕಳೆದ ಮೇಲೆ ಅವರೇ ಇದಕ್ಕೆ ವಿರುದ್ಧವಾದ ಪ್ರಶ್ನೆಯನ್ನು ತರುತ್ತಾರೆ: ‘ನಾನು ಎಲ್ಲಿಯೂ ಹೆಸರಿಸದ ಬ್ಯಾಶ್ ಶೆಲ್, ಪರ್ಲ್ ಭಾಷೆ, ಕರ್ನಲ್ಲಿನ ಇನ್ನೊಂದು ಪ್ರತಿ, ಇವೆಲ್ಲ ಇಮೇಜಿನೊಳಗೆ ಹೇಗೆ ಬಂದವು?’ ಎರಡಕ್ಕೂ ಉತ್ತರವಿರುವುದು ಒಂದೇ ಕಡೆಯಲ್ಲಿ. ಒಂದು ಘಟಕವನ್ನು ಬಿಲ್ಡ್ ಮಾಡುವುದು ಒಂದು ತೀರ್ಮಾನ, ಅದನ್ನು ಸಾಧನದ ಕಡತ ವ್ಯವಸ್ಥೆಯೊಳಗೆ ಸೇರಿಸುವುದು ಬೇರೆಯೇ ತೀರ್ಮಾನ, ಮತ್ತು ಈ ಎರಡರ ನಡುವೆ ಪ್ಯಾಕೇಜ್ ಎಂಬ ಗಡಿಯಿದೆ. ಇಮೇಜಿನಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಆ ಗಡಿಯಲ್ಲಿಯೇ ನಿರ್ಧರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಎಲ್ಲವನ್ನೂ ಒಳಗೆ ಬಿಟ್ಟುಕೊಂಡು ಕೊನೆಯಲ್ಲಿ ಬೇಡದ್ದನ್ನು ಅಳಿಸುವ ರೂಢಿ ಅನೇಕ ಕಡೆ ಇದೆ. ಅದು ಏಕೆ ಕೆಲಸಕ್ಕೆ ಬಾರದು ಎಂಬುದನ್ನೂ ಇಲ್ಲಿ ಹೇಳುತ್ತೇನೆ.

ಮೊದಲು ದಾರಿಯನ್ನು ಸ್ಥೂಲವಾಗಿ ನೋಡೋಣ. ರೆಸಿಪಿಯೊಂದು ಆಕರ ಸಂಕೇತವನ್ನು ತಂದು, ಕಂಪೈಲ್ ಮಾಡಿ, ‘ಡು_ಇನ್‌ಸ್ಟಾಲ್’ ಹಂತದಲ್ಲಿ ತನ್ನ ಫಲಿತಾಂಶವನ್ನೆಲ್ಲ ‘ಡಿ’ ಎಂಬ ವೇರಿಯಬಲ್ ಸೂಚಿಸುವ ತಾತ್ಕಾಲಿಕ ಡೈರೆಕ್ಟರಿಯೊಂದಕ್ಕೆ ಹಾಕುತ್ತದೆ. ಅಲ್ಲಿಂದ ಎರಡು ಕವಲುಗಳು ಹೊರಡುತ್ತವೆ. ಒಂದು ಕವಲು ಹೆಡರ್ ಕಡತಗಳನ್ನೂ ಲೈಬ್ರರಿಗಳನ್ನೂ ಸಿಸ್‌ರೂಟ್‌ಗೆ ಒಯ್ಯುತ್ತದೆ, ಅದು ಇತರ ರೆಸಿಪಿಗಳು ಕಂಪೈಲ್ ಆಗುವಾಗ ಬಳಸಿಕೊಳ್ಳಲೆಂದು ಇರುವುದೇ ಹೊರತು ಸಾಧನಕ್ಕಾಗಿ ಅಲ್ಲ. ಇನ್ನೊಂದು ಕವಲು ‘ಡು_ಪ್ಯಾಕೇಜ್’ ಹಂತಕ್ಕೆ ಹೋಗಿ, ಅದೇ ಕಡತಗಳನ್ನು ಹಲವು ಪ್ಯಾಕೇಜುಗಳಾಗಿ ವಿಂಗಡಿಸಿ, ಆರ್‌ಪಿಎಂ, ಡೆಬ್ ಅಥವಾ ಐಪಿಕೆ ರೂಪದಲ್ಲಿ ಬರೆದಿಡುತ್ತದೆ. ಇಷ್ಟಾದರೂ ಇಮೇಜಿನ ಮಾತು ಇನ್ನೂ ಬಂದಿಲ್ಲ. ಇಮೇಜ್ ರೆಸಿಪಿಯ ‘ಡು_ರೂಟ್‌ಎಫ್‌ಎಸ್’ ಹಂತ ಬಂದಾಗ ಮಾತ್ರ, ನಿಜವಾದ ಪ್ಯಾಕೇಜ್ ನಿರ್ವಾಹಕವೊಂದು ಖಾಲಿ ಡೈರೆಕ್ಟರಿಯೊಂದರೊಳಗೆ, ನಾವು ಕೊಟ್ಟ ಪಟ್ಟಿಯಲ್ಲಿನ ಪ್ಯಾಕೇಜುಗಳನ್ನೂ ಅವು ಅವಲಂಬಿಸಿರುವ ಪ್ಯಾಕೇಜುಗಳನ್ನೂ ಸ್ಥಾಪಿಸುತ್ತದೆ. ನಮ್ಮ ಮೇಜಿನ ಮೇಲಿರುವ ಉಬುಂಟು ಯಂತ್ರದಲ್ಲಿ ಎಪಿಟಿ ಎಂಬ ಪ್ಯಾಕೇಜ್ ನಿರ್ವಾಹಕ ಮಾಡುವ ಕೆಲಸವೇ ಇಲ್ಲಿಯೂ ನಡೆಯುತ್ತದೆ, ಗುರಿ ಮಾತ್ರ ಬೇರೆ.

ಹೀಗಾಗಿ ‘ಬಿಟ್‌ಬೇಕ್’ ಆಜ್ಞೆಗೆ ರೆಸಿಪಿಯ ಹೆಸರು ಕೊಟ್ಟು ಓಡಿಸಿದರೆ ಪ್ಯಾಕೇಜುಗಳು ತಯಾರಾಗುತ್ತವೆ, ಇಮೇಜ್ ಬದಲಾಗುವುದಿಲ್ಲ. ಮೊದಲ ಪ್ರಶ್ನೆಗೆ ಉತ್ತರ ಇಷ್ಟೇ. ಎರಡನೆಯ ಪ್ರಶ್ನೆಗೆ ಉತ್ತರಿಸಲು ವಿಂಗಡಣೆ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯಬೇಕು, ಮತ್ತು ಇಡೀ ವಿಷಯದಲ್ಲಿ ಹೆಚ್ಚು ಗಮನಕ್ಕೆ ಅರ್ಹವಾದ ಭಾಗವೂ ಅದೇ ಎಂದು ನಾನು ಭಾವಿಸುತ್ತೇನೆ.

ಒಂದು ರೆಸಿಪಿ ಎಂದರೆ ಒಂದು ಪ್ಯಾಕೇಜ್ ಎಂದು ಭಾವಿಸುವುದು ಸಹಜ, ಆದರೆ ಹಾಗಿಲ್ಲ. ‘ಪ್ಯಾಕೇಜಸ್’ ಎಂಬ ವೇರಿಯಬಲ್‌ನಲ್ಲಿ ರೆಸಿಪಿಯಿಂದ ಹುಟ್ಟುವ ಪ್ಯಾಕೇಜುಗಳ ಪಟ್ಟಿಯಿರುತ್ತದೆ. ನಾವು ಏನನ್ನೂ ಬರೆಯದಿದ್ದರೆ ಅದರಲ್ಲಿ ಆಕರ ಸಂಕೇತದ ಪ್ಯಾಕೇಜ್, ಡೀಬಗ್ ಮಾಹಿತಿಯ ಪ್ಯಾಕೇಜ್, ಸ್ಥಿರ ಲೈಬ್ರರಿಗಳದ್ದು, ಡೆವಲಪ್‌ಮೆಂಟ್ ಕಡತಗಳದ್ದು, ದಾಖಲೆಗಳದ್ದು, ಲೊಕೇಲ್‌ನದು (ಅಂದರೆ ಭಾಷೆ, ಪ್ರದೇಶಕ್ಕೆ ಸಂಬಂಧಿಸಿದ ಕಡತಗಳದ್ದು), ಎಲ್ಲಕ್ಕಿಂತ ಕೊನೆಯಲ್ಲಿ ರೆಸಿಪಿಯ ಹೆಸರನ್ನೇ ಹೊತ್ತ ಮುಖ್ಯ ಪ್ಯಾಕೇಜ್, ಹೀಗೆ ಕ್ರಮವಾಗಿ ಇರುತ್ತವೆ. ಪ್ರತಿಯೊಂದಕ್ಕೂ ‘ಫೈಲ್ಸ್’ ಎಂಬ ವೇರಿಯಬಲ್ ಇದ್ದು, ಯಾವ ಮಾರ್ಗದಲ್ಲಿರುವ ಯಾವ ಕಡತ ಆ ಪ್ಯಾಕೇಜಿಗೆ ಸೇರಬೇಕು ಎಂಬ ವಿನ್ಯಾಸವನ್ನು (ಪ್ಯಾಟರ್ನ್) ಅದು ಹೇಳುತ್ತದೆ. ಪಟ್ಟಿಯ ಕ್ರಮ ಇಲ್ಲಿ ನಿರ್ಣಾಯಕ. ಒಂದು ಕಡತ ಎರಡು ವಿನ್ಯಾಸಗಳಿಗೆ ಹೊಂದಿಕೆಯಾದರೆ, ಪಟ್ಟಿಯಲ್ಲಿ ಮೊದಲು ಬರುವ ಪ್ಯಾಕೇಜ್ ಅದನ್ನು ತೆಗೆದುಕೊಳ್ಳುತ್ತದೆ. ಮುಖ್ಯ ಪ್ಯಾಕೇಜನ್ನು ಕೊನೆಯಲ್ಲಿ ಇರಿಸಿರುವುದು ಇದೇ ಕಾರಣಕ್ಕಾಗಿ. ಅದರ ವಿನ್ಯಾಸ ಬಹಳ ಅಗಲವಾದದ್ದು, ಮೊದಲೇ ಇದ್ದಿದ್ದರೆ ಉಳಿದವುಗಳಿಗೆ ಬಹಳ ಕಡಿಮೆ ಮಿಗುತ್ತಿತ್ತು.

ಉದಾಹರಣೆಗೆ, ಕೆರೆಯ ನೀರಿನ ಮಟ್ಟವನ್ನು ಅಳೆದು ಮೊಬೈಲ್ ಜಾಲದ ಮೂಲಕ ಕಳುಹಿಸುವ ಸಾಧನವೊಂದನ್ನು ಊಹಿಸಿಕೊಳ್ಳೋಣ. ಅದರ ತಂತ್ರಾಂಶವನ್ನು ‘ಜಲಮಾಪಕ’ ಎಂಬ ಒಂದೇ ರೆಸಿಪಿ ಬಿಲ್ಡ್ ಮಾಡುತ್ತದೆ, ಮತ್ತು ಅದರಿಂದ ಸದಾ ಓಡುವ ಡೀಮನ್, ಕಾರ್ಖಾನೆಯಲ್ಲಿ ಸಂವೇದಕವನ್ನು ಸರಿಹೊಂದಿಸುವ ಕ್ಯಾಲಿಬ್ರೇಶನ್ ಪ್ರೋಗ್ರಾಮ್, ಪರೀಕ್ಷೆಗೆಂದು ಇಟ್ಟ ಹಳೆಯ ಅಳತೆಗಳ ದತ್ತಾಂಶ ಮತ್ತು ಆ ದತ್ತಾಂಶವನ್ನು ಓದುವ ಪೈಥಾನ್ ಸ್ಕ್ರಿಪ್ಟ್ ಹೊರಬರುತ್ತವೆ ಎಂದಿಟ್ಟುಕೊಳ್ಳಿ. ಕೆರೆಯ ಏರಿಯ ಮೇಲೆ ನಿಲ್ಲುವ ಸಾಧನಕ್ಕೆ ಡೀಮನ್ ಮಾತ್ರ ಬೇಕು. ಕಾರ್ಖಾನೆಯ ಇಮೇಜಿಗೆ ಕ್ಯಾಲಿಬ್ರೇಶನ್ ಪ್ರೋಗ್ರಾಮೂ ಬೇಕು. ಪ್ರಯೋಗಾಲಯದ ಇಮೇಜಿಗೆ ಎಲ್ಲವೂ ಬೇಕು. ಇದಕ್ಕಾಗಿ ಮೂರು ರೆಸಿಪಿಗಳನ್ನು ಬರೆಯುವುದಾಗಲಿ, ರೆಸಿಪಿಯೊಳಗೆ ಷರತ್ತುಗಳನ್ನು ತುಂಬುವುದಾಗಲಿ ಅನಗತ್ಯ. ‘ಪ್ಯಾಕೇಜಸ್’ ಪಟ್ಟಿಯ ಮುಂಭಾಗಕ್ಕೆ ‘ಜಲಮಾಪಕ-ಟೂಲ್ಸ್’ ಮತ್ತು ‘ಜಲಮಾಪಕ-ಟೆಸ್ಟ್‌ಡೇಟಾ’ ಎಂಬ ಎರಡು ಹೆಸರುಗಳನ್ನು ಸೇರಿಸಿ, ಅವುಗಳ ‘ಫೈಲ್ಸ್’ ವೇರಿಯಬಲ್‌ಗಳಲ್ಲಿ ಆಯಾ ಕಡತಗಳ ಮಾರ್ಗವನ್ನು ಬರೆದರೆ ಸಾಕು. ಬಿಲ್ಡ್ ಒಮ್ಮೆ ಆಗುತ್ತದೆ, ಪ್ಯಾಕೇಜುಗಳು ಮೂರಾಗುತ್ತವೆ, ಯಾವ ಇಮೇಜಿಗೆ ಯಾವುದು ಎಂಬುದನ್ನು ಆಯಾ ಇಮೇಜ್ ರೆಸಿಪಿ ಹೇಳುತ್ತದೆ. ಇನ್ನೊಂದು ಲಾಭವೂ ಇದೆ. ಪೈಥಾನ್ ಬೇಕೆಂಬ ಅವಲಂಬನೆಯನ್ನು ಟೆಸ್ಟ್‌ಡೇಟಾ ಪ್ಯಾಕೇಜಿಗೆ ಮಾತ್ರ ಅಂಟಿಸಬಹುದಾದ್ದರಿಂದ, ಕೆರೆಯ ಬಳಿಯ ಸಾಧನಕ್ಕೆ ಪೈಥಾನ್ ಬರುವ ಪ್ರಮೇಯವೇ ಇರುವುದಿಲ್ಲ.

‘ಫೈಲ್ಸ್’ನ ಯಾವ ವಿನ್ಯಾಸಕ್ಕೂ ಹೊಂದದ ಕಡತಗಳು ಉಳಿದುಬಿಟ್ಟರೆ ಏನಾಗುತ್ತದೆ ಎಂದು ಕೇಳಬಹುದು. ಪ್ರೋಗ್ರಾಮನ್ನು ‘/ಆಪ್ಟ್’ ಡೈರೆಕ್ಟರಿಯ ಕೆಳಗೆ ಸ್ಥಾಪಿಸುವವರಿಗೆ ಇದು ಬೇಗನೆ ಎದುರಾಗುತ್ತದೆ, ಏಕೆಂದರೆ ಮುಖ್ಯ ಪ್ಯಾಕೇಜಿನ ಸಹಜ ವಿನ್ಯಾಸದಲ್ಲಿ ‘/ಆಪ್ಟ್’ ಇಲ್ಲ. ಆಗ ಗುಣಮಟ್ಟದ ತಪಾಸಣೆಯ ಹಂತವು ‘ಸ್ಥಾಪಿಸಲಾಗಿದೆ, ಆದರೆ ಯಾವ ಪ್ಯಾಕೇಜಿನಲ್ಲಿಯೂ ಸೇರಿಲ್ಲ’ ಎಂಬರ್ಥದ ತಕರಾರನ್ನು ಎತ್ತಿ ಆ ಕಡತಗಳ ಪಟ್ಟಿಯನ್ನು ಕೊಡುತ್ತದೆ. ಈ ತಪಾಸಣೆಯನ್ನು ‘ಇನ್‌ಸೇನ್_ಸ್ಕಿಪ್’ ಬಳಸಿ ಬಾಯಿ ಮುಚ್ಚಿಸುವವರಿದ್ದಾರೆ. ಅದು ಕೇಳುತ್ತಿರುವುದು ನ್ಯಾಯವಾದ ಪ್ರಶ್ನೆ: ಈ ಕಡತ ಯಾರಿಗಾಗಿ? ಉತ್ತರ ಗೊತ್ತಿದ್ದರೆ ‘ಫೈಲ್ಸ್’ನಲ್ಲಿ ಬರೆಯಬೇಕು, ಯಾರಿಗೂ ಬೇಡವಾದರೆ ‘ಡು_ಇನ್‌ಸ್ಟಾಲ್’ನ ಕೊನೆಯಲ್ಲಿಯೇ ತೆಗೆದುಹಾಕಬೇಕು.

ಲೈಬ್ರರಿಗಳ ವಿಚಾರದಲ್ಲಿ ವಿಂಗಡಣೆಯ ನಿಯಮ ಇನ್ನೂ ಸೂಕ್ಷ್ಮವಾದದ್ದು. ಲಿನಕ್ಸ್‌ನಲ್ಲಿ ಹಂಚಿಕೆಯ ಲೈಬ್ರರಿಗೆ ಆವೃತ್ತಿ ಸಂಖ್ಯೆಯಿರುವ ನಿಜವಾದ ಕಡತವೊಂದು, ಮತ್ತು ‘.ಎಸ್‌ಒ’ ಎಂದಷ್ಟೇ ಕೊನೆಗೊಳ್ಳುವ ಕೊಂಡಿಯೊಂದು ಇರುವುದು ರೂಢಿ. ಓಡುವ ಪ್ರೋಗ್ರಾಮಿಗೆ ಬೇಕಾದದ್ದು ಮೊದಲನೆಯದು, ಕಂಪೈಲ್ ಮಾಡುವಾಗ ಲಿಂಕರ್ ಹುಡುಕುವುದು ಎರಡನೆಯದನ್ನು. ಆದ್ದರಿಂದ ಸಂಖ್ಯೆಯಿಲ್ಲದ ‘.ಎಸ್‌ಒ’ ಕಂಡರೆ ಅದನ್ನು ಡೆವಲಪ್‌ಮೆಂಟ್ ಪ್ಯಾಕೇಜಿಗೆ ಹಾಕುವಂತೆ ಯೋಕ್ಟೊದ ಸಹಜ ವಿನ್ಯಾಸವಿದೆ. ಆದರೆ ಚಿಪ್ ತಯಾರಕರಿಂದ ಬರುವ ಲೈಬ್ರರಿಗಳಲ್ಲಿಯೂ, ಕಂಪನಿಗಳ ಒಳಗೆ ಬರೆದ ಮೇಕ್‌ಫೈಲ್‌ಗಳಲ್ಲಿಯೂ ಆವೃತ್ತಿ ಸಂಖ್ಯೆಯೇ ಇಲ್ಲದ ಒಂದೇ ಒಂದು ಕಡತ ಇರುವುದು ಸಾಮಾನ್ಯ. ಆಗ ಅದು ಡೆವಲಪ್‌ಮೆಂಟ್ ಪ್ಯಾಕೇಜಿಗೆ ಹೋಗುತ್ತದೆ, ಮುಖ್ಯ ಪ್ಯಾಕೇಜ್ ಖಾಲಿಯಾಗುತ್ತದೆ, ಖಾಲಿ ಪ್ಯಾಕೇಜನ್ನು ಬಿಟ್‌ಬೇಕ್ ಸೃಷ್ಟಿಸುವುದೇ ಇಲ್ಲ, ಮತ್ತು ಇಮೇಜ್ ಕಟ್ಟುವಾಗ ಆ ಹೆಸರಿನ ಪ್ಯಾಕೇಜನ್ನು ಯಾರೂ ಒದಗಿಸುತ್ತಿಲ್ಲ ಎಂಬ ದೋಷ ಬರುತ್ತದೆ. ದೋಷ ಕಾಣಿಸುವ ಜಾಗ ಒಂದು, ಕಾರಣವಿರುವ ಜಾಗ ಇನ್ನೊಂದು, ಇವೆರಡರ ನಡುವೆ ನಾಲ್ಕು ಹೆಜ್ಜೆಗಳ ಅಂತರ.

ಇದಕ್ಕೆ ಸರಿಯಾದ ಪರಿಹಾರವೆಂದರೆ ಲೈಬ್ರರಿಗೆ ಆವೃತ್ತಿ ಸಂಖ್ಯೆಯನ್ನು ಕೊಡುವುದು. ಆಕರ ನಮ್ಮ ಕೈಯಲ್ಲಿದ್ದರೆ ಅದನ್ನೇ ಮಾಡಬೇಕು. ಇಲ್ಲದಿದ್ದರೆ ‘ಸೋಲಿಬ್ಸ್’ ವೇರಿಯಬಲ್‌ಗೆ ‘.ಎಸ್‌ಒ’ ಎಂಬ ಬೆಲೆಯನ್ನು ಕೊಟ್ಟು, ‘ಫೈಲ್ಸ್_ಸೋಲಿಬ್ಸ್‌ಡೆವ್’ ಅನ್ನು ಖಾಲಿ ಮಾಡಿದರೆ ಆ ಕಡತ ಮುಖ್ಯ ಪ್ಯಾಕೇಜಿಗೆ ಬರುತ್ತದೆ. ಅನೇಕರು ಇದನ್ನು ತಿಳಿಯದೆ ಡೆವಲಪ್‌ಮೆಂಟ್ ಪ್ಯಾಕೇಜನ್ನೇ ಇಮೇಜಿಗೆ ಸೇರಿಸಿಬಿಡುತ್ತಾರೆ. ಅದು ತನ್ನೊಂದಿಗೆ ಹೆಡರ್‌ಗಳನ್ನೂ, ತನ್ನ ಅವಲಂಬನೆಗಳ ಡೆವಲಪ್‌ಮೆಂಟ್ ಪ್ಯಾಕೇಜುಗಳನ್ನೂ ಎಳೆದು ತರುತ್ತದೆ.

ಇನ್ನು ಆಯ್ಕೆಯ ಪಟ್ಟಿಗೆ ಬರೋಣ. ‘ಇಮೇಜ್_ಇನ್‌ಸ್ಟಾಲ್’ ವೇರಿಯಬಲ್‌ನಲ್ಲಿ ಬರೆಯುವುದು ಪ್ಯಾಕೇಜಿನ ಹೆಸರನ್ನೇ ಹೊರತು ರೆಸಿಪಿಯ ಹೆಸರನ್ನಲ್ಲ. ಎರಡೂ ಹಲವು ವೇಳೆ ಒಂದೇ ಆಗಿರುವುದರಿಂದ ಈ ವ್ಯತ್ಯಾಸ ಮರೆಯಾಗಿರುತ್ತದೆ. ಲಿನಕ್ಸ್‌ನ ಮೂಲಭೂತ ಸಣ್ಣ ಪ್ರೋಗ್ರಾಮುಗಳನ್ನು ಕೊಡುವ ‘ಯುಟಿಲ್-ಲಿನಕ್ಸ್’ ರೆಸಿಪಿ ತನ್ನ ಬಹುತೇಕ ಪ್ರೋಗ್ರಾಮುಗಳನ್ನು ಒಂದೊಂದೇ ಪ್ಯಾಕೇಜಾಗಿ ವಿಂಗಡಿಸಿಡುತ್ತದೆ, ಹಾಗಾಗಿ ಡಿಸ್ಕ್‌ಗಳನ್ನು ಪಟ್ಟಿ ಮಾಡುವ ‘ಎಲ್‌ಎಸ್‌ಬಿಎಲ್‌ಕೆ’ ಒಂದೇ ಬೇಕಿದ್ದರೆ ಅದರ ಪ್ಯಾಕೇಜನ್ನು ಮಾತ್ರ ಹೆಸರಿಸಬಹುದು. ಪೈಥಾನ್ ಕೂಡ ಹಾಗೆಯೇ. ‘ಪೈಥಾನ್3-ಕೋರ್’ ಸಣ್ಣದು, ‘ಪೈಥಾನ್3-ಮಾಡ್ಯೂಲ್ಸ್’ ಎಂದರೆ ಪ್ರಮಾಣಿತ ಲೈಬ್ರರಿಯ ಬಹುಪಾಲು. ‘ಲಿನಕ್ಸ್-ಫರ್ಮ್‌ವೇರ್’ ಎಂದು ಬರೆದರೆ ಜಗತ್ತಿನ ವೈಫೈ, ಗ್ರಾಫಿಕ್ಸ್ ಚಿಪ್‌ಗಳ ಫರ್ಮ್‌ವೇರ್ ಕಡತಗಳು ನೂರಾರು ಮೆಗಾಬೈಟ್‌ಗಳಷ್ಟು ಬಂದು ಕೂರುತ್ತವೆ, ಬೋರ್ಡಿನಲ್ಲಿರುವ ಚಿಪ್ಪಿಗೆ ಸಂಬಂಧಿಸಿದ ಉಪಪ್ಯಾಕೇಜನ್ನು ಹೆಸರಿಸಿದರೆ ಅದಷ್ಟೇ ಬರುತ್ತದೆ. ಹದಿನಾರು ಮೆಗಾಬೈಟ್ ಫ್ಲ್ಯಾಶ್ ಇರುವ ಸಾಧನಕ್ಕೆ ಕೆಲಸ ಮಾಡುವವರು ಇಂಥ ಹೆಸರುಗಳನ್ನು ಒಂದೊಂದಾಗಿ ಕಲಿತುಕೊಂಡಿರುತ್ತಾರೆ.

ಪಟ್ಟಿಗೆ ಸೇರಿಸುವ ವಿಧಾನದಲ್ಲಿಯೂ ಎಚ್ಚರ ಬೇಕು. ಇಮೇಜ್ ರೆಸಿಪಿಗಳು ಹಂಚಿಕೊಳ್ಳುವ ನಿಯಮಗಳಿರುವ ‘ಕೋರ್-ಇಮೇಜ್’ ಕ್ಲಾಸ್ ‘ಇಮೇಜ್_ಇನ್‌ಸ್ಟಾಲ್’ ವೇರಿಯಬಲ್‌ಗೆ, ಬೇರೆ ಯಾರೂ ಬೆಲೆ ಕೊಟ್ಟಿರದಿದ್ದರೆ ಮಾತ್ರ ಅನ್ವಯವಾಗುವ ರೀತಿಯಲ್ಲಿ, ಮೂಲ ಬೆಲೆಯೊಂದನ್ನು ಕೊಡುತ್ತದೆ. ‘ಲೋಕಲ್.ಕಾನ್ಫ್’ ಕಡತ ಅದಕ್ಕಿಂತ ಮೊದಲೇ ಓದಲ್ಪಡುವುದರಿಂದ, ಅಲ್ಲಿ += ಬಳಸಿ ಒಂದು ಪ್ಯಾಕೇಜನ್ನು ಸೇರಿಸಿದರೆ ಆ ಒಂದೇ ಪ್ಯಾಕೇಜ್ ಬೆಲೆಯಾಗಿ ನಿಂತು, ಬೂಟ್ ಆಗಲು ಬೇಕಾದ ಪ್ಯಾಕೇಜ್ ಗುಂಪುಗಳೇ ಕೈಬಿಟ್ಟುಹೋಗಬಹುದು. ಅಲ್ಲಿ ‘:ಅಪೆಂಡ್’ ಬಳಸಬೇಕು, ಮತ್ತು ಅದು ತಾನಾಗಿ ಖಾಲಿ ಜಾಗವನ್ನು ಸೇರಿಸದ ಕಾರಣ ಉದ್ಧರಣ ಚಿಹ್ನೆಯೊಳಗೆ ಮೊದಲು ಒಂದು ಖಾಲಿ ಜಾಗವನ್ನು ನಾವೇ ಬಿಡಬೇಕು. 2021ರ ಅಕ್ಟೋಬರಿನಲ್ಲಿ ಬಂದ ಹಾನಿಸ್ಟರ್ ಎಂಬ 3.4ನೆಯ ಆವೃತ್ತಿಯಿಂದ ಕೆಳಗೆರೆಯ ಬದಲು ಕೋಲನ್ ಬಳಸುವ ಬರವಣಿಗೆ ಜಾರಿಯಲ್ಲಿದೆ. ಹಳೆಯ ಲೇಖನಗಳಿಂದ ನಕಲು ಮಾಡಿದ ‘_ಅಪೆಂಡ್’ ಸಾಲುಗಳು ಈಗ ಕೆಲಸ ಮಾಡುವುದಿಲ್ಲ ಎಂಬುದನ್ನು ನೆನಪಿಡಬೇಕು.

ಆದರೆ ನನ್ನ ದೃಷ್ಟಿಯಲ್ಲಿ ಉತ್ಪನ್ನದ ಇಮೇಜಿನ ಒಳವಸ್ತುಗಳನ್ನು ‘ಲೋಕಲ್.ಕಾನ್ಫ್’ನಲ್ಲಿ ಬರೆಯಲೇಬಾರದು. ಅದು ಒಬ್ಬ ಎಂಜಿನಿಯರ್‌ನ ಬಿಲ್ಡ್ ಡೈರೆಕ್ಟರಿಗೆ ಸೇರಿದ ಕಡತ, ಆವೃತ್ತಿ ನಿಯಂತ್ರಣದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಅಲ್ಲಿ ಬರೆದದ್ದು ಆ ಡೈರೆಕ್ಟರಿಯಲ್ಲಿ ಕಟ್ಟುವ ಇತರ ಇಮೇಜುಗಳಿಗೂ ತಗಲುತ್ತದೆ. ತಂಡದ ಸ್ವಂತ ಲೇಯರ್‌ನಲ್ಲಿ, ಅಂದರೆ ರೆಸಿಪಿಗಳನ್ನು ಒಟ್ಟಾಗಿ ಇರಿಸುವ ಡೈರೆಕ್ಟರಿಯಲ್ಲಿ, ಸ್ವಂತ ಇಮೇಜ್ ರೆಸಿಪಿಯೊಂದನ್ನು ಬರೆದು, ಉದ್ದೇಶಕ್ಕೆ ತಕ್ಕಂತೆ ಪ್ಯಾಕೇಜ್‌ಗ್ರೂಪ್ ರೆಸಿಪಿಗಳನ್ನು ಮಾಡಿಕೊಳ್ಳುವುದು ಲೇಸು. ‘ಜಾಲಸಂಪರ್ಕಕ್ಕೆ ಬೇಕಾದವು’, ‘ಅಳತೆಗೆ ಬೇಕಾದವು’, ‘ಕಾರ್ಖಾನೆಗೆ ಮಾತ್ರ ಬೇಕಾದವು’ ಎಂಬ ಗುಂಪುಗಳಿದ್ದರೆ, ಇಮೇಜ್ ರೆಸಿಪಿಯನ್ನು ಓದಿದವರಿಗೆ ಸಾಧನದ ಸ್ವರೂಪವೇ ಅರ್ಥವಾಗುತ್ತದೆ.

ಪಟ್ಟಿಯಲ್ಲಿ ಬರೆದದ್ದು ಹತ್ತು ಪ್ಯಾಕೇಜುಗಳಾದರೂ ಇಮೇಜಿನಲ್ಲಿ ನೂರೈವತ್ತು ಇರುವುದಕ್ಕೆ ಅವಲಂಬನೆಗಳು ಕಾರಣ. ಇಲ್ಲಿ ‘ಡಿಪೆಂಡ್ಸ್’ ಮತ್ತು ‘ಆರ್‌ಡಿಪೆಂಡ್ಸ್’ ಎಂಬ ಎರಡು ವೇರಿಯಬಲ್‌ಗಳನ್ನು ಗೊಂದಲ ಮಾಡಿಕೊಳ್ಳಬಾರದು. ಮೊದಲನೆಯದು ರೆಸಿಪಿಗಳ ನಡುವಿನದು: ಇದನ್ನು ಕಂಪೈಲ್ ಮಾಡುವ ಮುನ್ನ ಅದು ಸಿಸ್‌ರೂಟ್‌ನಲ್ಲಿರಬೇಕು. ಎರಡನೆಯದು ಪ್ಯಾಕೇಜುಗಳ ನಡುವಿನದು: ಇದು ಸಾಧನದಲ್ಲಿದ್ದರೆ ಅದೂ ಇರಬೇಕು. ಮೊದಲನೆಯದರಲ್ಲಿ ಬರೆದದ್ದು ಅಷ್ಟಕ್ಕೇ ಇಮೇಜಿಗೆ ಹೋಗುವುದಿಲ್ಲ. ಹಾಗಿದ್ದರೂ ‘ಡಿಪೆಂಡ್ಸ್’ನಲ್ಲಿ ಬರೆದ ಲೈಬ್ರರಿ ಇಮೇಜಿನಲ್ಲಿ ಕಾಣಿಸುವುದುಂಟು, ಏಕೆಂದರೆ ಪ್ಯಾಕೇಜ್ ಮಾಡುವ ಹಂತವು ಪ್ರತಿಯೊಂದು ಬೈನರಿಯನ್ನು ತೆರೆದು, ಅದಕ್ಕೆ ಯಾವ ಹಂಚಿಕೆಯ ಲೈಬ್ರರಿಗಳು ಬೇಕೆಂದು ಓದಿ, ಅವುಗಳನ್ನು ಒದಗಿಸುವ ಪ್ಯಾಕೇಜುಗಳನ್ನು ತಾನಾಗಿಯೇ ‘ಆರ್‌ಡಿಪೆಂಡ್ಸ್’ಗೆ ಸೇರಿಸುತ್ತದೆ. ಇದು ನಿಜಕ್ಕೂ ಬಹಳ ಒಳ್ಳೆಯ ವ್ಯವಸ್ಥೆ. ಲೈಬ್ರರಿಗಳನ್ನು ಕೈಯಿಂದ ಪಟ್ಟಿ ಮಾಡುವ ಅಗತ್ಯವನ್ನು ಅದು ತಪ್ಪಿಸಿದೆ.

ಈ ವ್ಯವಸ್ಥೆಗೆ ಕಾಣದ ಅವಲಂಬನೆಗಳೂ ಇವೆ. ಪ್ರೋಗ್ರಾಮ್ ಓಡುತ್ತಿರುವಾಗ ‘ಡಿಎಲ್‌ಓಪನ್’ ಮೂಲಕ ತೆರೆಯುವ ಪ್ಲಗಿನ್, ಸ್ಕ್ರಿಪ್ಟಿನ ನಡುವೆ ಹೆಸರಿಸಿ ಕರೆಯುವ ಇನ್ನೊಂದು ಪ್ರೋಗ್ರಾಮ್, ಪೈಥಾನ್ ಸ್ಕ್ರಿಪ್ಟಿನ ಇಂಪೋರ್ಟ್ ಸಾಲುಗಳು, ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಪ್ರಮಾಣಪತ್ರಗಳ ಕಡತ, ಇವುಗಳನ್ನು ಬೈನರಿಯ ತಲೆಬರಹದಲ್ಲಿ ಓದಲಾಗದು. ಇವನ್ನು ರೆಸಿಪಿ ಬರೆಯುವವರೇ ‘ಆರ್‌ಡಿಪೆಂಡ್ಸ್’ನಲ್ಲಿ ಬರೆಯಬೇಕು. ಕನ್ನಡದಲ್ಲಿ ಪರದೆಯ ಮೇಲೆ ಬರಹ ತೋರಿಸುವ ಸಾಧನ ಇದಕ್ಕೆ ಒಳ್ಳೆಯ ಉದಾಹರಣೆ. ಒತ್ತಕ್ಷರಗಳನ್ನೂ ಗುಣಿತಾಕ್ಷರಗಳನ್ನೂ ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಲೈಬ್ರರಿ ಪ್ಯಾಂಗೊ ಮೂಲಕವೋ ಕ್ಯೂಟಿ ಮೂಲಕವೋ ಲಿಂಕ್ ಆಗಿರುವುದರಿಂದ ತಾನಾಗಿ ಇಮೇಜಿಗೆ ಬರಬಹುದು, ಆದರೆ ಕನ್ನಡ ಫಾಂಟ್ ಕಡತ ಬರುವುದಿಲ್ಲ. ಪ್ರೋಗ್ರಾಮಿಗೂ ಫಾಂಟಿಗೂ ನಡುವೆ ಯಾವ ಬೈನರಿ ಸಂಬಂಧವೂ ಇಲ್ಲ. ಎಲ್ಲವೂ ಸರಿಯಾಗಿ ಬಿಲ್ಡ್ ಆಗಿ, ಪರದೆಯ ಮೇಲೆ ಖಾಲಿ ಚೌಕಗಳು ಕಾಣಿಸುತ್ತವೆ. ದಿನಾಂಕ, ಸಂದೇಶಗಳ ಅನುವಾದ ಕನ್ನಡದಲ್ಲಿ ಬೇಕಿದ್ದರೆ ‘ಇಮೇಜ್_ಲಿಂಗ್ವಾಸ್’ ವೇರಿಯಬಲ್‌ನಲ್ಲಿ ‘ಕೆಎನ್-ಐಎನ್’ ಎಂದು ಬರೆಯಬೇಕು. ಆಗ ಸ್ಥಾಪನೆಯಾದ ಪ್ಯಾಕೇಜುಗಳಿಗೆ ಕನ್ನಡದ ಲೊಕೇಲ್ ಪ್ಯಾಕೇಜುಗಳಿದ್ದರೆ ಅವು ಜೊತೆಗೆ ಬರುತ್ತವೆ. ಇಂಗ್ಲಿಷನ್ನು ಮಾತ್ರ ಮನಸ್ಸಿನಲ್ಲಿಟ್ಟು ಕಟ್ಟಿದ ಮಾದರಿ ಇಮೇಜಿನ ಮೇಲೆ ಕನ್ನಡದ ಸಾಧನವನ್ನು ಕಟ್ಟುವವರು ಈ ಎರಡು ಸಾಲುಗಳನ್ನು ಮೊದಲ ದಿನವೇ ಬರೆದುಕೊಳ್ಳಲಿ ಎಂಬುದು ನನ್ನ ಆಸೆ.

ಬ್ಯಾಶ್ ಎಲ್ಲಿಂದ ಬಂತು ಎಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಯಾವುದೋ ಪ್ಯಾಕೇಜಿನಲ್ಲಿರುವ ಒಂದು ಸ್ಕ್ರಿಪ್ಟಿನ ಮೊದಲ ಸಾಲು ‘/ಬಿನ್/ಬ್ಯಾಶ್’ ಎಂದಿದ್ದರೆ, ಆ ಪ್ಯಾಕೇಜಿಗೆ ಬ್ಯಾಶ್ ಬೇಕೆಂಬುದನ್ನು ತಪಾಸಣೆ ಗುರುತಿಸುತ್ತದೆ, ಮತ್ತು ರೆಸಿಪಿ ಬರೆದವರು ದೋಷವನ್ನು ನಿವಾರಿಸಲು ಬ್ಯಾಶನ್ನು ಅವಲಂಬನೆಯಾಗಿ ಬರೆಯುತ್ತಾರೆ. ಬಹುಪಾಲು ಇಂಥ ಸ್ಕ್ರಿಪ್ಟುಗಳಲ್ಲಿ ಬ್ಯಾಶ್‌ಗೆ ಮಾತ್ರ ವಿಶಿಷ್ಟವಾದದ್ದು ಏನೂ ಇರುವುದಿಲ್ಲ, ಹಲವು ಸಣ್ಣ ಆಜ್ಞೆಗಳನ್ನು ಒಂದೇ ಪ್ರೋಗ್ರಾಮಿನಲ್ಲಿ ಕೊಡುವ ಬಿಸಿಬಾಕ್ಸ್‌ನ ಶೆಲ್ ಅವುಗಳನ್ನು ಓಡಿಸಬಲ್ಲದು. 2009ರಲ್ಲಿ ಬಂದ 4.0ನೆಯ ಆವೃತ್ತಿಯಿಂದ ಬ್ಯಾಶ್ ಜಿಪಿಎಲ್ 3ನೆಯ ಆವೃತ್ತಿಯ ಪರವಾನಗಿಯಲ್ಲಿದೆ, ಆ ಪರವಾನಗಿಯ ಷರತ್ತುಗಳಿಗೆ ಸಿದ್ಧವಿರದ ಕಂಪನಿಗಳಿಗೆ ಒಂದು ಸ್ಕ್ರಿಪ್ಟಿನ ಮೊದಲ ಸಾಲೇ ದೊಡ್ಡ ವಿಷಯವಾಗುತ್ತದೆ.

ಅವಲಂಬನೆಗಿಂತ ಮೃದುವಾದದ್ದು ಶಿಫಾರಸು. ‘ಆರ್‌ರೆಕಮೆಂಡ್ಸ್’ನಲ್ಲಿ ಬರೆದ ಪ್ಯಾಕೇಜ್ ಲಭ್ಯವಿದ್ದರೆ ಸ್ಥಾಪನೆಯಾಗುತ್ತದೆ, ಇಲ್ಲದಿದ್ದರೆ ಬಿಲ್ಡ್ ನಿಲ್ಲುವುದಿಲ್ಲ. ಕರ್ನಲ್ ಮಾಡ್ಯೂಲುಗಳಿಗೆ ಇದು ಬಹಳ ಅಗತ್ಯ, ಏಕೆಂದರೆ ಒಂದೇ ಡ್ರೈವರ್ ಒಂದು ಬೋರ್ಡಿನಲ್ಲಿ ಮಾಡ್ಯೂಲಾಗಿ ಪ್ರತ್ಯೇಕ ಪ್ಯಾಕೇಜಿನಲ್ಲಿ ಇರಬಹುದು, ಇನ್ನೊಂದರಲ್ಲಿ ಕರ್ನಲ್ಲಿನೊಳಗೇ ಸೇರಿದ್ದು ಆ ಪ್ಯಾಕೇಜೇ ಇಲ್ಲದಿರಬಹುದು. ಆದರೆ ನಾವು ಕೇಳದಿದ್ದರೂ ಬರುವ ವಸ್ತುಗಳಲ್ಲಿ ಬಹಳಷ್ಟು ಈ ಬಾಗಿಲಿನಿಂದಲೇ ಬರುತ್ತವೆ. ಬೋರ್ಡಿನ ಯಂತ್ರಾಂಶಕ್ಕೆ ಬೆಂಬಲ ಕೊಡುವ ಬಿಎಸ್‌ಪಿ ಲೇಯರ್ ತನ್ನ ಮಶೀನ್ ಕಡತದಲ್ಲಿ ಬರೆದ ಶಿಫಾರಸುಗಳು ಪ್ಯಾಕೇಜ್‌ಗ್ರೂಪ್‌ಗಳ ಮೂಲಕ ಪ್ರತಿ ಇಮೇಜಿಗೂ ಹರಿದು ಬರಬಹುದು. ಯಾವುದೋ ಕರ್ನಲ್ ಮಾಡ್ಯೂಲ್ ಬೇಕೆಂದಾಗ ಅದರ ಹಿಂದೆ ‘ಕರ್ನಲ್-ಬೇಸ್’ ಬಂದು, ಅದರ ಹಿಂದೆ ಕರ್ನಲ್ ಇಮೇಜ್ ‘/ಬೂಟ್’ ಡೈರೆಕ್ಟರಿಗೆ ಬಂದು ಕೂರುತ್ತದೆ. ಬೂಟ್‌ಲೋಡರ್ ಕರ್ನಲ್ಲನ್ನು ಬೇರೆ ವಿಭಾಗದಿಂದ ಓದುವ ಸಾಧನದಲ್ಲಿ ಈ ಪ್ರತಿಯಿಂದ ಯಾವ ಉಪಯೋಗವೂ ಇಲ್ಲ.

ಶಿಫಾರಸುಗಳನ್ನು ತಡೆಯಲು ‘ಬ್ಯಾಡ್_ರೆಕಮೆಂಡೇಶನ್ಸ್’ನಲ್ಲಿ ಬೇಡದ ಪ್ಯಾಕೇಜುಗಳ ಹೆಸರನ್ನು ಬರೆಯಬಹುದು. ‘ನೋ_ರೆಕಮೆಂಡೇಶನ್ಸ್’ಗೆ 1 ಎಂಬ ಬೆಲೆ ಕೊಟ್ಟು ಎಲ್ಲ ಶಿಫಾರಸುಗಳನ್ನೂ ಒಮ್ಮೆಗೇ ನಿಲ್ಲಿಸಬಹುದು, ಆದರೆ ಆಗ ಬೇಕಾದ ಕರ್ನಲ್ ಮಾಡ್ಯೂಲುಗಳೂ ನಿಂತುಹೋಗುವುದರಿಂದ ಅವುಗಳನ್ನು ಪಟ್ಟಿಯಲ್ಲಿ ನಾವೇ ಹೆಸರಿಸಬೇಕು. ಇವೆರಡಕ್ಕಿಂತ ಕಠಿಣವಾದದ್ದು ‘ಪ್ಯಾಕೇಜ್_ಎಕ್ಸ್‌ಕ್ಲೂಡ್’. ಅದರಲ್ಲಿ ಹೆಸರಿಸಿದ ಪ್ಯಾಕೇಜ್ ಇಮೇಜಿಗೆ ಬರಲೇಬಾರದು, ಬೇರೊಂದು ಪ್ಯಾಕೇಜಿಗೆ ಅದು ಅನಿವಾರ್ಯವಾದರೆ ಬಿಲ್ಡ್ ನಿಲ್ಲುತ್ತದೆ. ಈ ನಿಲ್ಲುವಿಕೆಯನ್ನು ನಾನು ಬಹಳ ಮೆಚ್ಚುತ್ತೇನೆ. ಉತ್ಪನ್ನದ ಇಮೇಜಿನಲ್ಲಿ ಪರ್ಲ್ ಇರಬಾರದು ಎಂದು ತಂಡ ತೀರ್ಮಾನಿಸಿದ್ದರೆ, ಆರು ತಿಂಗಳ ನಂತರ ಯಾರೋ ಸೇರಿಸಿದ ಹೊಸ ಘಟಕ ಪರ್ಲನ್ನು ಕೇಳಿದ ದಿನವೇ ಅದು ತಿಳಿಯುತ್ತದೆ, ಗ್ರಾಹಕರ ಭದ್ರತಾ ಪರಿಶೀಲನೆಯಲ್ಲಿ ತಿಳಿಯುವವರೆಗೆ ಕಾಯಬೇಕಾಗಿಲ್ಲ.

ಇಡೀ ಘಟಕ ಬೇಡವೆಂದಲ್ಲ, ಅದರ ಒಂದು ಸಾಮರ್ಥ್ಯ ಮಾತ್ರ ಬೇಡ ಎಂದಾದಾಗ ಪ್ಯಾಕೇಜಿನ ಗಡಿ ಸಾಕಾಗುವುದಿಲ್ಲ. ಆಗ ರೆಸಿಪಿಯ ‘ಪ್ಯಾಕೇಜ್‌ಕಾನ್ಫಿಗ್’ ಮೂಲಕ ಆ ಸಾಮರ್ಥ್ಯವನ್ನು ಕಂಪೈಲ್ ಆಗುವಾಗಲೇ ಕೈಬಿಡಬೇಕು. ಇಡೀ ವ್ಯವಸ್ಥೆಗೆ ಬ್ಲೂಟೂತ್ ಅಥವಾ ಎಕ್ಸ್11 ಎಂಬ ಚಿತ್ರಾತ್ಮಕ ಪರದೆ ವ್ಯವಸ್ಥೆ ಬೇಡವೆಂದಾದರೆ ‘ಡಿಸ್ಟ್ರೊ_ಫೀಚರ್ಸ್’ನಿಂದ ತೆಗೆಯಬೇಕು. ಇದು ಬೈನರಿಗಳನ್ನೇ ಬದಲಿಸುವುದರಿಂದ ಬಹಳಷ್ಟು ಮತ್ತೆ ಬಿಲ್ಡ್ ಆಗುತ್ತದೆ, ಆದರೆ ಅವಲಂಬನೆಗಳ ದೊಡ್ಡ ಕೊಂಬೆಗಳೇ ಕತ್ತರಿಸಿ ಹೋಗುತ್ತವೆ.

ಇಮೇಜಿಗೆ ಸಿದ್ಧ ಸೌಲಭ್ಯಗಳನ್ನು ಹೆಸರಿಸಿ ಸೇರಿಸುವ ‘ಇಮೇಜ್_ಫೀಚರ್ಸ್’ ವೇರಿಯಬಲ್ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ‘ಡೆವ್-ಪಿಕೆಜಿಎಸ್’ ಎಂದು ಬರೆದರೆ ಸ್ಥಾಪನೆಯಾದ ಪ್ರತಿ ಪ್ಯಾಕೇಜಿನ ಡೆವಲಪ್‌ಮೆಂಟ್ ಜೋಡಿಯೂ ಬರುತ್ತದೆ, ‘ಡಿಬಿಜಿ-ಪಿಕೆಜಿಎಸ್’ ಎಂದರೆ ಡೀಬಗ್ ಜೋಡಿಗಳು ಬರುತ್ತವೆ. ಇವು ಬಂದರೆ ಗಾತ್ರದಿಂದಲೇ ಗೊತ್ತಾಗುತ್ತದೆ. ಗೊತ್ತಾಗದೆ ಉಳಿಯುತ್ತಿದ್ದದ್ದು ‘ಡೀಬಗ್-ಟ್ವೀಕ್ಸ್’. ಯೋಕ್ಟೊದ ಮಾದರಿ ವಿತರಣೆಯಾದ ಪೋಕಿಯ ‘ಲೋಕಲ್.ಕಾನ್ಫ್’ ಮಾದರಿಯಲ್ಲಿ ವರ್ಷಗಳ ಕಾಲ ಇದ್ದ ಈ ಪದ ರೂಟ್ ಬಳಕೆದಾರನಿಗೆ ಖಾಲಿ ಪಾಸ್‌ವರ್ಡನ್ನು ಅನುಮತಿಸುತ್ತಿತ್ತು. ಮಾದರಿಯನ್ನು ಹಾಗೆಯೇ ಇಟ್ಟುಕೊಂಡು ಉತ್ಪನ್ನ ಬಿಡುಗಡೆ ಮಾಡಿದವರ ಸಾಧನಗಳಿಗೆ ಪಾಸ್‌ವರ್ಡ್ ಇಲ್ಲದೆ ಪ್ರವೇಶಿಸಬಹುದಿತ್ತು. 2025ರಲ್ಲಿ ಬಂದ 5.2ನೆಯ ಆವೃತ್ತಿಯಲ್ಲಿ ಇದನ್ನು ತೆಗೆದು, ಖಾಲಿ ಪಾಸ್‌ವರ್ಡ್, ರೂಟ್ ಲಾಗಿನ್ ಮುಂತಾದವನ್ನು ಪ್ರತ್ಯೇಕವಾಗಿ ಹೆಸರಿಸಿಯೇ ಕೇಳಬೇಕಾದ ವ್ಯವಸ್ಥೆಯನ್ನು ಉಳಿಸಿದ್ದು ಸರಿಯಾದ ಹೆಜ್ಜೆ. ಆದರೆ 2022ರ ಕರ್ಕ್‌ಸ್ಟೋನ್, 2024ರ ಸ್ಕಾರ್ತ್‌ಗ್ಯಾಪ್ ಎಂಬ ದೀರ್ಘಾವಧಿ ಬೆಂಬಲದ ಆವೃತ್ತಿಗಳ ಮೇಲೆ ಕಟ್ಟಿದ ಉತ್ಪನ್ನಗಳು ಇನ್ನೂ ಅನೇಕವಿವೆ, ಅವುಗಳಲ್ಲಿ ಈ ಪದವನ್ನು ಹುಡುಕಿ ನೋಡಲೇಬೇಕು.

ಈಗ ಅಳಿಸುವ ರೂಢಿಯ ಮಾತು. ‘ರೂಟ್‌ಎಫ್‌ಎಸ್_ಪೋಸ್ಟ್‌ಪ್ರೊಸೆಸ್_ಕಮಾಂಡ್’ ಎಂಬ ವೇರಿಯಬಲ್ ಮೂಲಕ, ಪ್ಯಾಕೇಜುಗಳೆಲ್ಲ ಸ್ಥಾಪನೆಯಾದ ಮೇಲೆ ನಮ್ಮ ಸ್ವಂತ ಶೆಲ್ ಆಜ್ಞೆಗಳನ್ನು ಓಡಿಸಬಹುದು. ಗಡುವು ಹತ್ತಿರ ಬಂದಾಗ ಇಲ್ಲಿ ಕಡತಗಳನ್ನು ಅಳಿಸುವ ‘ಆರ್‌ಎಂ -ಆರ್‌ಎಫ್’ ಸಾಲುಗಳನ್ನು ಸೇರಿಸುವುದು ಸುಲಭ, ಮತ್ತು ಇಮೇಜ್ ಚಿಕ್ಕದಾಗುವುದೂ ನಿಜ. ಆದರೆ ಆ ಕ್ಷಣದಿಂದ ಇಮೇಜಿನ ಬಗ್ಗೆ ಇರುವ ದಾಖಲೆಗಳು ಸುಳ್ಳಾಗುತ್ತವೆ. ಪ್ಯಾಕೇಜ್ ದತ್ತಾಂಶದ ಪ್ರಕಾರ ಪರ್ಲ್ ಇದೆ, ಕಡತ ವ್ಯವಸ್ಥೆಯಲ್ಲಿ ಇಲ್ಲ. ಪರವಾನಗಿಗಳ ಪಟ್ಟಿಯಲ್ಲಿ ಅದು ಇದೆ, ಎಸ್‌ಪಿಡಿಎಕ್ಸ್ ರೂಪದ ತಂತ್ರಾಂಶ ಘಟಕಗಳ ಪಟ್ಟಿಯಲ್ಲಿಯೂ ಇದೆ, ಆದ್ದರಿಂದ ಪರ್ಲ್‌ನ ಪ್ರತಿ ಭದ್ರತಾ ದೋಷಕ್ಕೂ ನಮ್ಮ ಸಾಧನದ ಹೆಸರು ಬರುತ್ತದೆ. ಪರ್ಲನ್ನು ಕೇಳಿದ ಪ್ಯಾಕೇಜ್ ಯಾವುದೋ ಒಂದು ದಿನ ಸಾಧನದಲ್ಲಿ ಅದನ್ನು ಕರೆದು ವಿಫಲವಾಗುತ್ತದೆ. ಯುರೋಪಿಯನ್ ಒಕ್ಕೂಟದ ಸೈಬರ್ ರೆಸಿಲಿಯನ್ಸ್ ಕಾಯ್ದೆ 2024ರ ಡಿಸೆಂಬರಿನಲ್ಲಿ ಜಾರಿಗೆ ಬಂದಿದ್ದು, ಅದರ ಮುಖ್ಯ ಹೊಣೆಗಾರಿಕೆಗಳು 2027ರ ಡಿಸೆಂಬರಿನಿಂದ ಅನ್ವಯವಾಗುತ್ತವೆ. ಡಿಜಿಟಲ್ ಉತ್ಪನ್ನದೊಳಗಿನ ತಂತ್ರಾಂಶ ಘಟಕಗಳ ಪಟ್ಟಿಯನ್ನು ತಯಾರಕರು ಇಟ್ಟಿರಬೇಕೆಂದು ಅದು ಬಯಸುತ್ತದೆ. ಬೆಂಗಳೂರಿನಿಂದ ಅಲ್ಲಿಗೆ ಸಾಧನಗಳನ್ನು ಕಳುಹಿಸುವವರಿಗೂ ಇದು ತಪ್ಪಿದ್ದಲ್ಲ. ಪ್ಯಾಕೇಜಿನ ಹಂತದಲ್ಲಿ ಆಯ್ಕೆ ಮಾಡಿದ್ದರೆ ಪಟ್ಟಿ ತಾನಾಗಿ ನಿಜವಾಗಿರುತ್ತದೆ.

ಯೋಕ್ಟೊದಂತೆಯೇ ಎಂಬೆಡೆಡ್ ಲಿನಕ್ಸ್ ಕಟ್ಟಿಕೊಡುವ ಬಿಲ್ಡ್‌ರೂಟ್ ಬಳಸಿದವರಿಗೆ ಈ ವ್ಯತ್ಯಾಸ ಬೇಗ ಹೊಳೆಯುತ್ತದೆ. ಅಲ್ಲಿ ಸಾಧನಕ್ಕಾಗಿ ಪ್ಯಾಕೇಜ್ ಕಡತಗಳೆಂಬುದಿಲ್ಲ, ಆಯ್ಕೆಯಾದ ಪ್ರತಿಯೊಂದು ಘಟಕವೂ ‘ಟಾರ್ಗೆಟ್’ ಎಂಬ ಒಂದೇ ಡೈರೆಕ್ಟರಿಗೆ ನೇರವಾಗಿ ಸ್ಥಾಪನೆಯಾಗುತ್ತದೆ, ಕೊನೆಯಲ್ಲಿ ಹೆಡರ್‌ಗಳು, ಸ್ಥಿರ ಲೈಬ್ರರಿಗಳು, ಮ್ಯಾನ್ ಪುಟಗಳು ಮುಂತಾದವನ್ನು ಅದೇ ವ್ಯವಸ್ಥೆಯೇ ತೆಗೆದುಹಾಕುತ್ತದೆ. ಘಟಕವೊಂದು ಇತರ ಘಟಕಗಳ ಕಂಪೈಲ್‌ಗೆ ನೆರವಾಗುವ ಸ್ಟೇಜಿಂಗ್ ಡೈರೆಕ್ಟರಿಗೆ ಮಾತ್ರವೋ, ಟಾರ್ಗೆಟ್‌ಗೂ ಹೋಗಬೇಕೋ ಎಂಬುದನ್ನು ಅದರ ಮೇಕ್ ಕಡತದ ಎರಡು ವೇರಿಯಬಲ್‌ಗಳು ಹೇಳುತ್ತವೆ. ಸರಳತೆಯಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಮೆನುವಿನಲ್ಲಿ ಒಂದು ಘಟಕದ ಆಯ್ಕೆಯನ್ನು ರದ್ದು ಮಾಡಿದರೆ ಅದರ ಕಡತಗಳು ಟಾರ್ಗೆಟ್ ಡೈರೆಕ್ಟರಿಯಿಂದ ಹೋಗುವುದಿಲ್ಲ, ಪೂರ್ತಿ ಸ್ವಚ್ಛಗೊಳಿಸಿ ಮತ್ತೆ ಬಿಲ್ಡ್ ಮಾಡಬೇಕು. ಒಂದೇ ಆಕರದಿಂದ ಮೂರು ಬಗೆಯ ಇಮೇಜುಗಳು ಬೇಕಾದಾಗ ನಾನು ಯೋಕ್ಟೊ ಕಡೆಗೆ ವಾಲುವುದು ಇದಕ್ಕಾಗಿಯೇ.

ಇಷ್ಟೆಲ್ಲ ನಿಯಮಗಳಿದ್ದರೂ, ನಿಜವಾಗಿ ಒಳಗೆ ಏನು ಹೋಯಿತು ಎಂದು ನೋಡದಿದ್ದರೆ ಪ್ರಯೋಜನವಿಲ್ಲ. ಪ್ರತಿ ಇಮೇಜಿನ ಜೊತೆಗೆ ಡಿಪ್ಲಾಯ್ ಡೈರೆಕ್ಟರಿಯಲ್ಲಿ ‘.ಮ್ಯಾನಿಫೆಸ್ಟ್’ ಕಡತವೊಂದು ಬರುತ್ತದೆ, ಸ್ಥಾಪನೆಯಾದ ಪ್ರತಿ ಪ್ಯಾಕೇಜಿನ ಹೆಸರು ಮತ್ತು ಆವೃತ್ತಿ ಅದರಲ್ಲಿರುತ್ತದೆ. ಯಾವುದೋ ಕಡತ ಯಾವ ಪ್ಯಾಕೇಜಿನಿಂದ ಬಂತು ಎಂದು ತಿಳಿಯಲು ‘ಒಇ-ಪಿಕೆಜಿಡೇಟಾ-ಯುಟಿಲ್’ ಸಾಧನದ ‘ಫೈಂಡ್-ಪಾತ್’, ಆ ಪ್ಯಾಕೇಜ್ ಯಾವ ರೆಸಿಪಿಯದು ಎಂದು ತಿಳಿಯಲು ಅದರ ‘ಲುಕಪ್-ರೆಸಿಪಿ’ ನೆರವಾಗುತ್ತವೆ. ಗಾತ್ರ ಮಿತಿ ಮೀರಬಾರದು ಎಂದಿದ್ದರೆ ‘ಇಮೇಜ್_ರೂಟ್‌ಎಫ್‌ಎಸ್_ಮ್ಯಾಕ್ಸ್‌ಸೈಜ್’ಗೆ ಕಿಲೋಬೈಟ್‌ಗಳಲ್ಲಿ ಮಿತಿಯನ್ನು ಕೊಡಬೇಕು, ಮೀರಿದರೆ ಬಿಲ್ಡ್ ವಿಫಲವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಉಪಯುಕ್ತವಾದದ್ದು ‘ಬಿಲ್ಡ್‌ಹಿಸ್ಟರಿ’ ಕ್ಲಾಸ್. ಅದನ್ನು ಇನ್‌ಹೆರಿಟ್ ಮಾಡಿ ಕಮಿಟ್ ಆಯ್ಕೆಯನ್ನು ಆನ್ ಮಾಡಿದರೆ, ಪ್ರತಿ ಬಿಲ್ಡ್ ನಂತರ ಇಮೇಜಿನ ಪ್ಯಾಕೇಜುಗಳು, ಅವುಗಳ ಗಾತ್ರ, ಕಡತಗಳ ಪೂರ್ಣ ಪಟ್ಟಿ, ಅವಲಂಬನೆಗಳ ನಕ್ಷೆ, ಇವೆಲ್ಲ ಪಠ್ಯ ಕಡತಗಳಾಗಿ ಗಿಟ್ ಭಂಡಾರವೊಂದಕ್ಕೆ ಸೇರುತ್ತವೆ. ನಮ್ಮಲ್ಲಿ ಲೇಯರ್‌ಗೆ ಬರುವ ಪ್ರತಿಯೊಂದು ಬದಲಾವಣೆಯ ವಿಮರ್ಶೆಯಲ್ಲಿ ಸಂಕೇತದ ವ್ಯತ್ಯಾಸದ ಜೊತೆಗೆ ಈ ಭಂಡಾರದ ವ್ಯತ್ಯಾಸವನ್ನೂ ತೋರಿಸಬೇಕೆಂಬ ನಿಯಮವಿದೆ. ಒಂದು ಸಾಲಿನ ಬದಲಾವಣೆ ಹನ್ನೆರಡು ಹೊಸ ಪ್ಯಾಕೇಜುಗಳನ್ನು ತಂದಿದ್ದರೆ, ಅದು ಬೋರ್ಡಿಗೆ ಹೋಗುವ ಮೊದಲೇ ವಿಮರ್ಶಕರ ಕಣ್ಣಿಗೆ ಬೀಳುತ್ತದೆ, ಮತ್ತು ಆ ಹನ್ನೆರಡರಲ್ಲಿ ಯಾವುದನ್ನು ಯಾವ ಪ್ಯಾಕೇಜ್ ಕೇಳಿತು ಎಂಬುದನ್ನು ಬದಲಾವಣೆ ಕಳುಹಿಸಿದವರು ಅಲ್ಲಿಯೇ ಬರೆದು ತಿಳಿಸುತ್ತಾರೆ.